ರೋಮ್ ಒಡಂಬಡಿಕೆಯ ಮಾತು ಹಾಗಿರಲಿ, ನಮ್ಮ ದಂಡ ಸಂಹಿತೆಯಲ್ಲಿ ಈ ಅಪರಾಧಗಳು ಎಲ್ಲಿವೆ?

ಕರಂಗಲ್ಪಾಡಿ ವಕೀಲ

ಕಳೆದ ಭಾನುವಾರ ಮಂಗಳೂರಿನ ನಮ್ಮ ಓದುಗರ ಕೂಟದಲ್ಲಿ ಪದವಿ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಅವಸರದಲ್ಲಿ ಅರ್ಧ ಉತ್ತರ ಕೊಟ್ಟು ಬಂದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಭಾರತ ಏಕೆ ಸೇರಿಲ್ಲ ಎಂಬುದು ಅವನ ಪ್ರಶ್ನೆ. (ಐಸಿಸಿ ಎಂದೊಡನೆ ಕೂಟದ ಅರ್ಧ ಜನ ಕ್ರಿಕೆಟ್ ಮಂಡಳಿಯೆಂದುಕೊಂಡರು, ಆದ್ದರಿಂದ ‘ಹೇಗ್ ನ್ಯಾಯಾಲಯ’ ಎಂದೇ ಬರೆಯುತ್ತೇನೆ. ಅದೇ ಊರಿನಲ್ಲಿದ್ದು ದೇಶ ದೇಶಗಳ ನಡುವಿನ ವ್ಯಾಜ್ಯ ತೀರ್ಮಾನಿಸುವ ನ್ಯಾಯಾಲಯ ಬೇರೆ, ನರಮೇಧ, ಯುದ್ಧಾಪರಾಧದಂಥ ಅಪರಾಧಗಳಿಗಾಗಿ ವ್ಯಕ್ತಿಗಳನ್ನು ಕಟಕಟೆಗೆ ತರುವ ಇದು ಬೇರೆ.)

1998ರ ಜುಲೈ 17ರಂದು ರೋಮ್‌ನಲ್ಲಿ ಈ ನ್ಯಾಯಾಲಯದ ಒಡಂಬಡಿಕೆ ಮತಕ್ಕೆ ಬಂದಾಗ 120 ದೇಶಗಳು ಪರವಾಗಿ, 7 ದೇಶಗಳು ವಿರುದ್ಧವಾಗಿ ಮತ ಹಾಕಿದವು. 21 ದೇಶಗಳು ತಟಸ್ಥವಾಗಿ ಉಳಿದವು, ಅವುಗಳಲ್ಲಿ ಭಾರತವೂ ಒಂದು. ತಟಸ್ಥವಾಗಿದ್ದರೂ ನಮ್ಮ ನಿಯೋಗ ಅಂದು ಸುಮ್ಮನಿರಲಿಲ್ಲ. ಭದ್ರತಾ ಮಂಡಳಿಗೆ ಪ್ರಕರಣಗಳನ್ನು ಒಪ್ಪಿಸುವ ಮತ್ತು ತಡೆಹಿಡಿಯುವ ಅಧಿಕಾರ ಕೊಟ್ಟದ್ದು, ಪ್ರಾಸಿಕ್ಯೂಟರ್ ತಾನಾಗಿಯೇ ತನಿಖೆ ಆರಂಭಿಸಬಹುದಾಗಿದ್ದದ್ದು, ದೇಶದೊಳಗಿನ ಸಶಸ್ತ್ರ ಸಂಘರ್ಷಗಳನ್ನೂ ವ್ಯಾಪ್ತಿಗೆ ತಂದದ್ದು, ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸದೆ ಬಿಟ್ಟದ್ದು, ಭಯೋತ್ಪಾದನೆಯನ್ನು ಹೊರಗಿಟ್ಟದ್ದು, ಇವೆಲ್ಲವನ್ನೂ ಅದು ಸ್ಪಷ್ಟವಾಗಿ ಆಕ್ಷೇಪಿಸಿತು. ಒಡಂಬಡಿಕೆಯ 120ನೇ ವಿಧಿ ಯಾವುದೇ ಷರತ್ತಿನ ಸೇರ್ಪಡೆಗೆ ಅವಕಾಶ ಕೊಡುವುದಿಲ್ಲವಾದ್ದರಿಂದ, ಒಪ್ಪದ ಭಾಗವನ್ನು ಬದಿಗಿಟ್ಟು ಉಳಿದದ್ದಕ್ಕೆ ಸಹಿ ಹಾಕುವ ದಾರಿಯೂ ಇರಲಿಲ್ಲ. 60 ದೇಶಗಳ ಅನುಮೋದನೆ ದೊರೆತ ಬಳಿಕ 2002ರ ಜುಲೈ 1ರಿಂದ ಒಡಂಬಡಿಕೆ ಜಾರಿಗೆ ಬಂತು. 2025ರ ಜನವರಿಯಲ್ಲಿ ಉಕ್ರೇನ್ ಸೇರಿದಾಗ ಸದಸ್ಯರ ಸಂಖ್ಯೆ 125 ಆಯಿತು.

ಭಾನುವಾರ ನಾನು ಹೇಳಿದ್ದು ಇಷ್ಟೇ. ಹೇಳದೆ ಉಳಿದದ್ದು ಏನೆಂದರೆ, ಸೇರಬೇಕೇ ಬೇಡವೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಎರಡನೆಯದು. ನಾವು ಈಗಾಗಲೇ ಒಪ್ಪಿಕೊಂಡಿರುವ ಒಪ್ಪಂದಗಳನ್ನೇ ನಮ್ಮ ಕಾನೂನಿನ ಪುಸ್ತಕದಲ್ಲಿ ಬರೆದುಕೊಂಡಿಲ್ಲ. ಈ ಬಗ್ಗೆ ಸದಸ್ಯರ ಅಭಿಪ್ರಾಯ ತಿಳಿಯುವ ಆಸೆಯಿದೆ.

ಪಣಂಬೂರು ನಾವಿಕ

ವಕೀಲರೇ, ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವನು, ಕಾನೂನು ಓದಿದವನಲ್ಲ. ಆದರೆ ನೀವು ಕೊನೆಯಲ್ಲಿ ಹೇಳಿದ ಮಾತಿಗೆ ಸಮುದ್ರದ ಉದಾಹರಣೆಯೊಂದನ್ನು ಕೊಡಬಲ್ಲೆ.

1999ರ ಅಕ್ಟೋಬರ್‌ನಲ್ಲಿ ಅಲೊಂಡ್ರಾ ರೇನ್‌ಬೋ ಎಂಬ ಹಡಗು ಅಲ್ಯೂಮಿನಿಯಂ ಗಟ್ಟಿಗಳನ್ನು ತುಂಬಿಕೊಂಡು ಇಂಡೋನೇಷ್ಯಾದಿಂದ ಜಪಾನಿಗೆ ಹೊರಟಿತ್ತು. ಕಡಲ್ಗಳ್ಳರು ಅದನ್ನು ಹಿಡಿದು, 17 ಮಂದಿ ಸಿಬ್ಬಂದಿಯನ್ನು ರಾಫ್ಟ್‌ನಲ್ಲಿ ಕೂರಿಸಿ ನಡುನೀರಿಗೆ ಬಿಟ್ಟರು. ಅವರು ಬದುಕಿ ಉಳಿದದ್ದು ಅದೃಷ್ಟ. ಹಡಗಿಗೆ ಮೆಗಾ ರಾಮ ಎಂದು ಹೆಸರು ಬದಲಿಸಿ, ಬೇರೆ ದೇಶದ ಧ್ವಜ ಏರಿಸಿ, ಕಳ್ಳರು ಅರಬ್ಬಿ ಸಮುದ್ರಕ್ಕೆ ಬಂದರು. ನವೆಂಬರ್‌ನಲ್ಲಿ ನಮ್ಮ ಕರಾವಳಿ ಕಾವಲು ಪಡೆಯ ತಾರಾಬಾಯಿ ಮತ್ತು ನೌಕಾಪಡೆಯ ಪ್ರಹಾರ್ ಅದನ್ನು ಬೆನ್ನಟ್ಟಿ ಹಿಡಿದವು. ಆ ದಿನಗಳಲ್ಲಿ ಯಾವ ಬಂದರಿಗೆ ಹೋದರೂ ನಾವಿಕರ ಬಾಯಲ್ಲಿ ಇದೇ ಸುದ್ದಿ. ಭಾರತೀಯ ಎಂದು ಹೇಳಿಕೊಳ್ಳಲು ನಮಗೂ ಹೆಮ್ಮೆಯಾಗುತ್ತಿತ್ತು.

ಮುಂದಿನದ್ದನ್ನು ಹೆಚ್ಚಿನವರು ಮರೆತಿದ್ದಾರೆ. ಮುಂಬಯಿಯ ಸೆಷನ್ಸ್ ನ್ಯಾಯಾಲಯ 2003ರಲ್ಲಿ 14 ಮಂದಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. 2005ರಲ್ಲಿ ಬಾಂಬೆ ಹೈಕೋರ್ಟ್ ಅವರೆಲ್ಲರನ್ನೂ ಬಿಡುಗಡೆ ಮಾಡಿತು. ಭಾರತ 1995ರಲ್ಲೇ ಸಮುದ್ರ ಕಾನೂನಿನ ಒಡಂಬಡಿಕೆಯನ್ನು ಅನುಮೋದಿಸಿತ್ತು, ಅದರಲ್ಲಿ ಕಡಲ್ಗಳ್ಳತನದ ವ್ಯಾಖ್ಯೆಯೂ ಇತ್ತು, ಯಾವ ದೇಶ ಬೇಕಾದರೂ ಕಳ್ಳರನ್ನು ಹಿಡಿದು ತನ್ನ ನ್ಯಾಯಾಲಯದಲ್ಲಿ ವಿಚಾರಿಸಬಹುದೆಂಬ ಅಧಿಕಾರವೂ ಇತ್ತು. ಆದರೆ ನಮ್ಮ ದಂಡ ಸಂಹಿತೆಯಲ್ಲಿ ‘ಕಡಲ್ಗಳ್ಳತನ’ ಎಂಬ ಅಪರಾಧವೇ ಇರಲಿಲ್ಲ. ದರೋಡೆಯ ಕಲಮುಗಳಿದ್ದವು, ಅವು ನಮ್ಮ ಪ್ರಾದೇಶಿಕ ಜಲದ ಆಚೆಗೆ ವಿದೇಶೀಯರು ವಿದೇಶದ ಹಡಗಿನಲ್ಲಿ ಮಾಡಿದ ಕೃತ್ಯಕ್ಕೆ ಮುಟ್ಟುತ್ತಿರಲಿಲ್ಲ.

2012ರಲ್ಲಿ ಒಂದು ಮಸೂದೆ ಬಂದು, 2014ರಲ್ಲಿ ಲೋಕಸಭೆಯೊಂದಿಗೆ ಬಿದ್ದುಹೋಯಿತು. 2019ರಲ್ಲಿ ಮತ್ತೊಂದು ಬಂದು, 2022ರ ಡಿಸೆಂಬರ್‌ನಲ್ಲಿ ಎರಡೂ ಸದನಗಳನ್ನು ದಾಟಿತು. 2024ರ ಮಾರ್ಚ್‌ನಲ್ಲಿ ರುಯೆನ್ ಹಡಗಿನಿಂದ ಸೆರೆ ಹಿಡಿದ 35 ಸೊಮಾಲಿಯಾದವರನ್ನು ಮುಂಬಯಿಗೆ ತಂದು ಒಪ್ಪಿಸಿದಾಗ, ಪೊಲೀಸರ ಕೈಯಲ್ಲಿ ಕಡೆಗೂ ಒಂದು ಕಾಯಿದೆಯಿತ್ತು. ಒಪ್ಪಂದಕ್ಕೂ ಕಾಯಿದೆಗೂ ನಡುವೆ 27 ವರ್ಷ. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದೆ.

ಉಡುಪಿಯ ಕಾನೂನು ವಿದ್ಯಾರ್ಥಿನಿ

ನಾವಿಕ ಸರ್ ಬರೆದದ್ದನ್ನು ತರಗತಿಯಲ್ಲಿ ‘ದ್ವೈತ ಪದ್ಧತಿ’ ಎಂಬ ಹೆಸರಿನಲ್ಲಿ ಓದಿದ್ದೇವೆ. (ಶ್ರೀಕೃಷ್ಣ ಮಠದ ಊರಿನಲ್ಲಿ ಈ ಪದ ಕೇಳಿದರೆ ಮನಸ್ಸು ಬೇರೆಡೆಗೆ ಹೋಗುವುದು ಸಹಜ; ಇಲ್ಲಿ ಅರ್ಥ ಇಷ್ಟೇ, ಅಂತರರಾಷ್ಟ್ರೀಯ ಕಾನೂನು ಬೇರೆ, ದೇಶದ ಕಾನೂನು ಬೇರೆ.) ನನಗೆ ವಿಚಿತ್ರವೆನಿಸಿದ ಸಂಗತಿ ಎಂದರೆ, ಒಪ್ಪಂದವನ್ನು ಅನುಮೋದಿಸಲು ನಮ್ಮಲ್ಲಿ ಸಂಸತ್ತಿನ ಒಪ್ಪಿಗೆಯೇ ಬೇಕಿಲ್ಲ. ಅದು ಕೇಂದ್ರ ಸರ್ಕಾರದ ಕಾರ್ಯಾಂಗದ ಅಧಿಕಾರ. ಆದರೆ ಅದರಿಂದ ಪ್ರಜೆಯ ಹಕ್ಕು ಅಥವಾ ಶಿಕ್ಷೆ ಬದಲಾಗಬೇಕಾದರೆ ಸಂವಿಧಾನದ 253ನೇ ವಿಧಿಯ ಪ್ರಕಾರ ಸಂಸತ್ತು ಕಾನೂನು ಮಾಡಬೇಕು, ಆಗ ರಾಜ್ಯಪಟ್ಟಿಯ ವಿಷಯವನ್ನೂ ಅದು ಮುಟ್ಟಬಹುದು.

ಹಾಗಾದರೆ ವಕೀಲ ಸರ್, ವಿಶಾಖಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಮಹಿಳೆಯರ ಮೇಲಿನ ತಾರತಮ್ಯ ನಿವಾರಣೆಯ ಒಡಂಬಡಿಕೆಯನ್ನು ಆಧರಿಸಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕುರಿತು ಮಾರ್ಗಸೂಚಿಗಳನ್ನು ಕೊಟ್ಟಂತೆ, ನರಮೇಧ ಅಥವಾ ಚಿತ್ರಹಿಂಸೆಯ ವಿಷಯದಲ್ಲೂ ನ್ಯಾಯಾಲಯವೇ ಮುಂದಾಗಬಾರದೇಕೆ?

ಕರಂಗಲ್ಪಾಡಿ ವಕೀಲ

ಒಳ್ಳೆಯ ಪ್ರಶ್ನೆ, ಮಗಳೇ. ನ್ಯಾಯಾಲಯ ಹಕ್ಕುಗಳನ್ನು ವಿಸ್ತರಿಸಿ ಓದಬಹುದು, ಹೊಸ ಅಪರಾಧವನ್ನು ಸೃಷ್ಟಿಸಲಾಗದು. ಸಂವಿಧಾನದ 20ನೇ ವಿಧಿಯ ಮೊದಲ ಖಂಡ ಏನು ಹೇಳುತ್ತದೆ? ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಮುರಿದವನನ್ನು ಮಾತ್ರ ದೋಷಿಯೆನ್ನಬಹುದು. ಆದ್ದರಿಂದಲೇ ನಾನು ಅವಸರಪಡುವುದು. ಇಂದು ಬರೆಯದ ಕಾನೂನು ನಾಳೆ ಬರೆದರೆ ಇಂದಿನ ಕೃತ್ಯಕ್ಕೆ ಅನ್ವಯಿಸದು. ಚಿತ್ರಹಿಂಸೆಯ ಕಥೆಯೂ ಅದೇ: ಒಡಂಬಡಿಕೆಗೆ 1997ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದೆವು, 2010ರಲ್ಲಿ ಲೋಕಸಭೆ ಒಂದು ಮಸೂದೆಯನ್ನು ಒಪ್ಪಿತು, ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು, ಬಳಿಕ ಅದು ಸತ್ತಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಅನುಮೋದನೆಗೆ ಶಿಫಾರಸು ಮಾಡಿತು. ಶಾಸನ ಮಾಡುವಂತೆ ಸಂಸತ್ತಿಗೆ ಆದೇಶಿಸಲಾಗದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೈಚೆಲ್ಲಿತು. ಸಹಿ ಇನ್ನೂ ಸಹಿಯಾಗಿಯೇ ಉಳಿದಿದೆ.

ಮಲ್ಪೆ ಬೋಟಿನವ

ದೊಡ್ಡವರ ಚರ್ಚೆಯಲ್ಲಿ ನಡುವೆ ಬಂದೆ ಎಂದು ಬೇಸರಿಸಬೇಡಿ. ನಮ್ಮದು ಎರಡು ಆಳಸಮುದ್ರ ಬೋಟುಗಳು. ಕೇರಳದ ಕಡೆ ಹೋದಾಗಲೆಲ್ಲ ನಮ್ಮ ತಾಂಡೇಲ (ಬೋಟು ನಡೆಸುವವ) ದೊಡ್ಡ ಹಡಗು ಕಂಡರೆ ದೂರದಿಂದಲೇ ದಾರಿ ಬದಲಿಸುತ್ತಾನೆ. 2012ರ ಫೆಬ್ರವರಿಯಲ್ಲಿ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ಟ್ಯಾಂಕರ್‌ನಲ್ಲಿದ್ದ ಸೈನಿಕರು ಸೇಂಟ್ ಆಂಟನಿ ಬೋಟಿನ ಇಬ್ಬರು ಮೀನುಗಾರರನ್ನು ಕಡಲ್ಗಳ್ಳರೆಂದು ಬಗೆದು ಗುಂಡು ಹಾರಿಸಿ ಕೊಂದ ದಿನದಿಂದ ಈ ಅಂಜಿಕೆ. ಇಬ್ಬರು ಸೈನಿಕರೂ ಕೊನೆಗೆ ಇಟಲಿಗೆ ಹೋದರು. ನೀವು ಹೇಳುವ ರೋಮ್ ಒಡಂಬಡಿಕೆಗೆ ಭಾರತ ಸೇರಿದ್ದರೆ ಅವರನ್ನು ಹೇಗ್‌ಗೆ ಕಳಿಸಬಹುದಿತ್ತೇ?

ಕರಂಗಲ್ಪಾಡಿ ವಕೀಲ

ಇಲ್ಲ. ಆ ನ್ಯಾಯಾಲಯದ ಮುಂದೆ ಬರುವುದು ನಾಲ್ಕೇ ಅಪರಾಧಗಳು: ನರಮೇಧ, ಮಾನವೀಯತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಆಕ್ರಮಣ. ಇಬ್ಬರು ಮೀನುಗಾರರ ಕೊಲೆ ಎಷ್ಟೇ ಘೋರವಾದರೂ ಇವುಗಳಲ್ಲಿ ಯಾವುದಕ್ಕೂ ಸೇರದು. ಆ ಪ್ರಕರಣ ಹೋದದ್ದು ಸಮುದ್ರ ಕಾನೂನಿನ ಒಡಂಬಡಿಕೆಯ ಮಧ್ಯಸ್ಥಿಕೆಗೆ. ಸೈನಿಕರಿಗೆ ತಮ್ಮ ದೇಶದ ಅಧಿಕಾರಿಗಳೆಂಬ ನೆಲೆಯಲ್ಲಿ ವಿನಾಯಿತಿ ಇದೆ, ಆದರೆ ಇಟಲಿ ಭಾರತದ ಹಕ್ಕನ್ನು ಉಲ್ಲಂಘಿಸಿದೆ, ಪರಿಹಾರ ಕೊಡಬೇಕು ಎಂದು 2020ರಲ್ಲಿ ತೀರ್ಪಾಯಿತು. ಇಟಲಿ ಕೊಟ್ಟ 10 ಕೋಟಿ ರೂಪಾಯಿಯನ್ನು ಸ್ವೀಕರಿಸಿ ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಪ್ರಕರಣವನ್ನು ಮುಗಿಸಿತು. ಇದಕ್ಕೆ ವ್ಯತಿರಿಕ್ತವಾಗಿ, ರೋಮ್ ಒಡಂಬಡಿಕೆಯ 27ನೇ ವಿಧಿ ಅಧಿಕಾರಸ್ಥಾನದ ರಕ್ಷಣೆಯನ್ನು ರಾಷ್ಟ್ರಾಧ್ಯಕ್ಷನಿಗೂ ಕೊಡುವುದಿಲ್ಲ. ನಮ್ಮ ಸಂವಿಧಾನದ 361ನೇ ವಿಧಿ ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಅಧಿಕಾರದಲ್ಲಿರುವಷ್ಟು ಕಾಲ ಕೊಡುವ ರಕ್ಷಣೆಗೂ ಇದಕ್ಕೂ ಹೊಂದಾಣಿಕೆಯಾಗದು. ಭಾರತ ಸೇರುವುದಾದರೆ ಬಿಡಿಸಲೇಬೇಕಾದ ಗಂಟು ಅದು.

ಇನ್ನೊಂದು ಮಾತು. ಆ ಸೈನಿಕರ ಮೇಲೆ ರಾಷ್ಟ್ರೀಯ ತನಿಖಾ ದಳ ಮೊದಲು 2002ರ ಕಾಯಿದೆಯೊಂದನ್ನು ಹೂಡಿತು. ನೌಕಾಯಾನದ ಸುರಕ್ಷತೆಗೆ ಸಂಬಂಧಿಸಿದ 1988ರ ಒಡಂಬಡಿಕೆಯನ್ನು ಜಾರಿಗೆ ತರಲೆಂದು ಮಾಡಿದ ಕಾಯಿದೆ ಅದು. ಒಡಂಬಡಿಕೆ ಮರಣದಂಡನೆಯನ್ನು ಕೇಳಿರಲಿಲ್ಲ, ನಮ್ಮ ಕಾಯಿದೆ ಅದನ್ನು ಸೇರಿಸಿತ್ತು. ಇಟಲಿ ಅದನ್ನೇ ಹಿಡಿದು ಗಲಾಟೆ ಎಬ್ಬಿಸಿದ್ದರಿಂದ 2014ರಲ್ಲಿ ಸರ್ಕಾರ ಆ ಕಲಮನ್ನು ಕೈಬಿಡಬೇಕಾಯಿತು. ಒಪ್ಪಂದವನ್ನು ಕಾನೂನಾಗಿಸುವಾಗ ಶಿಕ್ಷೆ ಬಿಗಿ ಮಾಡಿದಷ್ಟೂ ಒಳ್ಳೆಯದೆಂದು ತಿಳಿಯುವವರು ಈ ಪ್ರಕರಣವನ್ನು ನೆನೆಯಬೇಕು.

ಪಣಂಬೂರು ನಾವಿಕ

ಬೋಟಿನವರಿಗೆ ಒಂದು ಮಾಹಿತಿ. ಆ ಕಾಲದಲ್ಲಿ ಹಡಗು ಉದ್ಯಮ ಕಡಲ್ಗಳ್ಳರ ಅಪಾಯ ವಲಯದ ಗೆರೆಯನ್ನು ಪೂರ್ವ ರೇಖಾಂಶ 78 ಡಿಗ್ರಿಯವರೆಗೆ ಎಳೆದಿತ್ತು. ಅಂದರೆ ಮಂಗಳೂರು, ಮಲ್ಪೆ, ಕಾರವಾರ ಎಲ್ಲವೂ ಆ ವಲಯದ ಒಳಗೆ. ಹಡಗಿನ ಮೇಲೆ ಬಂದೂಕುಧಾರಿಗಳು ನಿಂತದ್ದೂ, ಬಲೆ ಎಳೆಯುವ ಬೋಟು ಅವರ ಕಣ್ಣಿಗೆ ಕಳ್ಳರ ದೋಣಿಯಾಗಿ ಕಂಡದ್ದೂ ಆ ಗೆರೆಯ ಫಲವೇ. ಭಾರತ ಪಟ್ಟು ಹಿಡಿದ ಮೇಲೆ 2015ರ ಡಿಸೆಂಬರ್‌ನಲ್ಲಿ ಅದನ್ನು 65 ಡಿಗ್ರಿಗೆ ಹಿಂದೆ ಸರಿಸಿದರು.

ಬಲ್ಮಠದ ನಿವೃತ್ತ ಉಪನ್ಯಾಸಕ

ಇಲ್ಲಿಯವರೆಗೆ ಯಾರೂ ವಿರುದ್ಧ ಪಕ್ಷ ವಹಿಸಿಲ್ಲವಾದ್ದರಿಂದ ಆ ಕೆಲಸ ನನಗಿರಲಿ.

ಭಾರತಕ್ಕೆ ಅಂತರರಾಷ್ಟ್ರೀಯ ದಂಡ ಕಾನೂನಿನ ಬಗ್ಗೆ ಅಸಡ್ಡೆ ಎಂಬ ಧ್ವನಿ ವಕೀಲರ ಬರಹದಲ್ಲಿದೆ. 1946ರಲ್ಲಿ ನರಮೇಧದ ವಿಷಯವನ್ನು ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ತಂದ ಮೂರು ದೇಶಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಆಗ ನಮಗೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ಎರಡನೇ ಮಹಾಯುದ್ಧದ ಬಳಿಕ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ಗೆದ್ದವರು ಸೋತವರನ್ನು ವಿಚಾರಿಸುವುದು ನ್ಯಾಯವೇ ಎಂದು ಕೇಳಿ, ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದ ಭಿನ್ನಮತದ ತೀರ್ಪು ಬರೆದವರು ರಾಧಾಬಿನೋದ್ ಪಾಲ್. ಇನ್ನು ನಮ್ಮ ಊರಿನವರೇ ಆದ ಬೆನೆಗಲ್ ನರಸಿಂಗ ರಾವ್, 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದಷ್ಟೇ ಅವರನ್ನು ನೆನೆಯುತ್ತೇವೆ. ಅವರು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ ಸದಸ್ಯರಲ್ಲಿ ಒಬ್ಬರಾಗಿದ್ದರು, ಆ ಆಯೋಗವೇ 1950ರಲ್ಲಿ, ನಾಜಿ ನಾಯಕರ ವಿಚಾರಣೆಯಿಂದ ಹೊಮ್ಮಿದ ನ್ಯೂರೆಂಬರ್ಗ್ ತತ್ತ್ವಗಳನ್ನು ಏಳು ಸೂತ್ರಗಳಾಗಿ ಬರೆದುಕೊಟ್ಟಿತು. ಬಳಿಕ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ 1953ರಲ್ಲಿ ತೀರಿಕೊಂಡರು. ಇಂಥ ಪರಂಪರೆಯ ದೇಶ ರೋಮ್‌ನಲ್ಲಿ ತಟಸ್ಥವಾಗಿ ಉಳಿದದ್ದು ಅಜ್ಞಾನದಿಂದಲ್ಲ.

ರೋಮ್ ಒಡಂಬಡಿಕೆಯ 16ನೇ ವಿಧಿಯನ್ನು ಓದಿ ನೋಡಿ. ಭದ್ರತಾ ಮಂಡಳಿ ಯಾವುದೇ ತನಿಖೆಯನ್ನು ಹನ್ನೆರಡು ತಿಂಗಳು ನಿಲ್ಲಿಸಬಹುದು, ಮತ್ತೆ ಮತ್ತೆ ನವೀಕರಿಸಲೂಬಹುದು. ಆ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಅಮೆರಿಕ, ರಷ್ಯಾ, ಚೀನಾ ಮೂವರೂ ಒಡಂಬಡಿಕೆಯ ಹೊರಗಿದ್ದಾರೆ. ತಾವು ಕುಳಿತುಕೊಳ್ಳದ ಪಂಕ್ತಿಯಲ್ಲಿ ಬಡಿಸುವ ಸೌಟು ಅವರ ಕೈಯಲ್ಲಿದೆ. ಅಷ್ಟೇ ಅಲ್ಲ, ತನ್ನ ಪ್ರಜೆಗಳನ್ನು ಈ ನ್ಯಾಯಾಲಯಕ್ಕೆ ಒಪ್ಪಿಸಬಾರದೆಂದು ಅಮೆರಿಕ ಊರೂರು ಒಪ್ಪಂದ ಮಾಡಿಕೊಂಡಾಗ, 2002ರ ಡಿಸೆಂಬರ್‌ನಲ್ಲಿ ನಾವೂ ಅಂಥದ್ದಕ್ಕೆ ಸಹಿ ಹಾಕಿದೆವು. ಇದನ್ನು ಮಾತ್ರ ನಾನು ಸಮರ್ಥಿಸಲಾರೆ.

ದೇಶದೊಳಗೇ ಕಾನೂನು ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆಯೂ ನನಗಿಲ್ಲ. ಬಾಂಗ್ಲಾದೇಶ 1973ರಲ್ಲೇ ಅಂತರರಾಷ್ಟ್ರೀಯ ಅಪರಾಧಗಳ ಕಾಯಿದೆ ಮಾಡಿಕೊಂಡಿತು. ಶೇಖ್ ಹಸೀನಾ ಸರ್ಕಾರ ಆ ಕಾಯಿದೆಯಡಿ 2010ರಲ್ಲಿ ನ್ಯಾಯಮಂಡಳಿ ಸ್ಥಾಪಿಸಿತು. 2025ರ ನವೆಂಬರ್‌ನಲ್ಲಿ ಅದೇ ಕಾಯಿದೆಯಡಿ ಹಸೀನಾ ಅವರಿಗೇ ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ಹೇಗ್ ನ್ಯಾಯಾಲಯದಲ್ಲಿ ಮರಣದಂಡನೆಯಿಲ್ಲ, ಆರೋಪಿ ಎದುರಿಗಿಲ್ಲದೆ ವಿಚಾರಣೆಯೂ ನಡೆಯುವುದಿಲ್ಲ. ಊರಿನ ನ್ಯಾಯಾಲಯ ಯಾವಾಗಲೂ ಮೇಲು ಎನ್ನಲು ಇದು ಒಳ್ಳೆಯ ಸಾಕ್ಷಿಯಲ್ಲ.

ಕರಂಗಲ್ಪಾಡಿ ವಕೀಲ

ಮಾಸ್ಟ್ರೇ, ರೋಮ್‌ನಲ್ಲಿ ಎತ್ತಿದ ಆಕ್ಷೇಪಗಳಲ್ಲಿ ಭದ್ರತಾ ಮಂಡಳಿಯ ಕುರಿತಾದದ್ದನ್ನು ನಾನೂ ಒಪ್ಪುತ್ತೇನೆ. ಪರಂಪರೆಯ ಮಾತಿನಲ್ಲಿ ಮಾತ್ರ ನಿಮ್ಮ ಸಾಕ್ಷಿಗಳೇ ನನ್ನ ಪರವಾಗಿವೆ.

ನಾವೇ ಮುಂದೆ ನಿಂತು ತಂದ ನರಮೇಧ ಒಡಂಬಡಿಕೆಯನ್ನು ತೆಗೆದುಕೊಳ್ಳಿ. 1949ರಲ್ಲಿ ಸಹಿ, 1959ರ ಆಗಸ್ಟ್‌ನಲ್ಲಿ ಅನುಮೋದನೆ. ಸದಸ್ಯ ದೇಶಗಳು ತಮ್ಮಲ್ಲಿ ಅಗತ್ಯವಾದ ಶಾಸನ ಮಾಡಬೇಕೆಂದು ಅದರ ಐದನೆಯ ವಿಧಿ ಹೇಳುತ್ತದೆ. ಇಂದಿಗೂ ಆ ಶಾಸನ ಬಂದಿಲ್ಲ. ಇರುವ ದಂಡ ಕಾನೂನೇ ಸಾಕು ಎಂಬುದು ಸರ್ಕಾರಗಳ ವಾಡಿಕೆಯ ಉತ್ತರ. ಸಾಲದು ಎನ್ನಲು 2018ರ ಡಿಸೆಂಬರ್‌ನಲ್ಲಿ, 1984ರ ಸಿಖ್ ವಿರೋಧಿ ಹಿಂಸೆಯ ಪ್ರಕರಣದಲ್ಲಿ ಮಾಜಿ ಸಂಸದ ಸಜ್ಜನ್ ಕುಮಾರ್ ಅವರಿಗೆ ಶಿಕ್ಷೆ ವಿಧಿಸಿದ ದೆಹಲಿ ಹೈಕೋರ್ಟಿನ ತೀರ್ಪು ಸಾಕು. ಮಾನವೀಯತೆಯ ವಿರುದ್ಧದ ಅಪರಾಧವಾಗಲಿ ನರಮೇಧವಾಗಲಿ ನಮ್ಮ ದೇಶೀಯ ದಂಡ ಕಾನೂನಿನ ಭಾಗವಾಗಿಲ್ಲ, ಈ ಕೊರತೆಯನ್ನು ತುರ್ತಾಗಿ ಸರಿಪಡಿಸಬೇಕು ಎಂದು ನ್ಯಾಯಾಧೀಶರೇ ಅದರಲ್ಲಿ ಬರೆದರು. ಕೃತ್ಯಕ್ಕೂ ಆ ತೀರ್ಪಿಗೂ ನಡುವೆ 34 ವರ್ಷ. ನೂರು ಜನರನ್ನು ಅವರ ಧರ್ಮ ಅಥವಾ ಜನಾಂಗದ ಕಾರಣಕ್ಕೆ ಯೋಜಿಸಿ ಕೊಂದದ್ದು ನಮ್ಮ ಕಡತಗಳಲ್ಲಿ ನೂರು ಬಿಡಿ ಕೊಲೆಗಳಾಗಿ, ನೂರು ಎಫ್‌ಐಆರ್‌ಗಳಾಗಿ ಒಡೆದುಹೋಗುತ್ತದೆ. ಯಾರ ಕೈಯಲ್ಲಿ ಕತ್ತಿಯಿತ್ತು ಎಂಬುದಷ್ಟೇ ಮುಖ್ಯವಾಗಿ, ಯಾರು ಪಟ್ಟಿ ಕೊಟ್ಟರು, ಯಾರು ಪೊಲೀಸರನ್ನು ತಡೆದರು ಎಂಬುದು ಹಿಂದೆ ಸರಿಯುತ್ತದೆ. ಮೂವತ್ತು ವರ್ಷ ಕ್ರಿಮಿನಲ್ ಪ್ರಕರಣಗಳನ್ನು ನಡೆಸಿದವನಾಗಿ ಹೇಳುತ್ತೇನೆ, ಒಳಸಂಚಿನ ಕಲಮಿನಿಂದ ಈ ಕೊರತೆ ತುಂಬುವುದಿಲ್ಲ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಸಂಘಟಿತ ಅಪರಾಧಕ್ಕೂ ಭಯೋತ್ಪಾದನಾ ಕೃತ್ಯಕ್ಕೂ ಹೊಸ ಕಲಮುಗಳು ಬಂದವು. ಇಡೀ ಸಂಹಿತೆಯನ್ನೇ ಹೊಸದಾಗಿ ಬರೆಯುವಾಗ ಇನ್ನೆರಡು ಕಲಮು ಬರೆಯಲು ಶಾಯಿ ಮುಗಿದಿತ್ತೇ?

ಬಾಂಗ್ಲಾದೇಶದ ಉದಾಹರಣೆ ಕಾಯಿದೆಯ ಕರಡನ್ನು ಎಚ್ಚರಿಕೆಯಿಂದ ಬರೆಯಬೇಕೆಂದು ಹೇಳುತ್ತದೆ, ಬರೆಯಲೇಬಾರದೆಂದಲ್ಲ. 1960ರ ನಮ್ಮ ಜಿನೀವಾ ಒಡಂಬಡಿಕೆಗಳ ಕಾಯಿದೆಯೂ ಕರಡಿನ ಪಾಠವೇ: ಯುದ್ಧಾಪರಾಧಕ್ಕೆ ಶಿಕ್ಷೆಯೇನೋ ಇದೆ, ಆದರೆ ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿಯ ದೂರಿಲ್ಲದೆ ಯಾವ ನ್ಯಾಯಾಲಯವೂ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಬಾಗಿಲು ಇಟ್ಟು ಬೀಗದ ಕೈಯನ್ನು ಮನೆಯ ಯಜಮಾನನೇ ಜೇಬಿನಲ್ಲಿಟ್ಟುಕೊಂಡಂತೆ.

ಉಡುಪಿಯ ಕಾನೂನು ವಿದ್ಯಾರ್ಥಿನಿ

ಉಪನ್ಯಾಸಕ ಸರ್ ಅವರಿಗೆ ಒಂದು ವಿನಂತಿಯ ಆಕ್ಷೇಪ. ಹೊರಗೆ ಉಳಿದರೆ ಈ ನ್ಯಾಯಾಲಯ ನಮ್ಮನ್ನು ಮುಟ್ಟುವುದಿಲ್ಲ ಎಂಬ ಭಾವನೆ ಪೂರ್ತಿ ಸರಿಯಲ್ಲ. ಮ್ಯಾನ್ಮಾರ್ ಸದಸ್ಯ ದೇಶವಲ್ಲ. ಆದರೆ ರೋಹಿಂಗ್ಯಾ ಜನರನ್ನು ಓಡಿಸಿದ ಕೃತ್ಯ ಗಡಿ ದಾಟಿ, 2010ರಲ್ಲಿ ಸದಸ್ಯತ್ವ ಪಡೆದ ಬಾಂಗ್ಲಾದೇಶದ ನೆಲದಲ್ಲಿ ಮುಗಿಯಿತು ಎಂಬ ಕಾರಣಕ್ಕೆ 2019ರ ನವೆಂಬರ್‌ನಲ್ಲಿ ತನಿಖೆಗೆ ಅನುಮತಿ ದೊರೆಯಿತು. ಕೃತ್ಯ ಸದಸ್ಯ ದೇಶದ ನೆಲದಲ್ಲಿ ನಡೆದಿದ್ದರೆ ಆರೋಪಿ ಯಾವ ದೇಶದವನೆಂಬುದು ಅಡ್ಡಿಯಾಗದು. ಸೇರಿ ಹೊರಬಂದವರಿಗೂ ಬಿಡುಗಡೆಯಿಲ್ಲ: ಫಿಲಿಪ್ಪೀನ್ಸ್ 2019ರ ಮಾರ್ಚ್‌ನಲ್ಲಿ ಹೊರಬಂದರೂ, ಸದಸ್ಯತ್ವದ ಕಾಲದ ಕೃತ್ಯಗಳಿಗಾಗಿ ಮಾಜಿ ಅಧ್ಯಕ್ಷ ಡುಟರ್ಟೆ ಅವರನ್ನು 2025ರ ಮಾರ್ಚ್‌ನಲ್ಲಿ ಹೇಗ್‌ಗೆ ಕರೆದೊಯ್ದರು.

ಮತ್ತೊಂದು, ಒಡಂಬಡಿಕೆಯ 17ನೇ ವಿಧಿಯಂತೆ ದೇಶವೇ ಪ್ರಾಮಾಣಿಕವಾಗಿ ತನಿಖೆ ನಡೆಸುತ್ತಿದ್ದರೆ ಹೇಗ್ ನ್ಯಾಯಾಲಯ ಕೈಹಾಕುವುದಿಲ್ಲ. ಸಾರ್ವಭೌಮತ್ವದ ಚಿಂತೆಯಿರುವವರೇ ದೇಶೀಯ ಕಾನೂನಿಗೆ ಮೊದಲು ಒತ್ತಾಯಿಸಬೇಕಿತ್ತಲ್ಲವೇ?

ಬಲ್ಮಠದ ನಿವೃತ್ತ ಉಪನ್ಯಾಸಕ

ಮ್ಯಾನ್ಮಾರ್‌ನ ಉದಾಹರಣೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ದೇಶೀಯ ಶಾಸನದ ಮಟ್ಟಿಗೆ ವಕೀಲರ ಜೊತೆ ನನಗೆ ಜಗಳವಿಲ್ಲ, ಮರಣದಂಡನೆಯನ್ನೂ ಸರ್ಕಾರದ ಪೂರ್ವಾನುಮತಿಯನ್ನೂ ಅದರಲ್ಲಿ ತುರುಕದಿದ್ದರೆ. ರೋಮ್‌ನ ಸಹಿಯ ವಿಷಯದಲ್ಲಿ ಮಾತ್ರ 16ನೇ ವಿಧಿ ಇರುವವರೆಗೆ ನಾನು 1998ರ ನಿಯೋಗದ ಜೊತೆಗೇ ನಿಲ್ಲುತ್ತೇನೆ.

ಮಲ್ಪೆ ಬೋಟಿನವ

ಕೊನೆಯದಾಗಿ ನನ್ನ ಮಟ್ಟದ ಪ್ರಶ್ನೆ. ಹೊಸ ಕಡಲ್ಗಳ್ಳತನ ಕಾಯಿದೆಯ ಪ್ರಕರಣ ನಮ್ಮ ಬೋಟಿಗೆ ಸಂಬಂಧಿಸಿ ಬಂದರೆ, ಸಾಕ್ಷಿ ಹೇಳಲು ತಾಂಡೇಲ ಮುಂಬಯಿಗೇ ಹೋಗಬೇಕೇ?

ಕರಂಗಲ್ಪಾಡಿ ವಕೀಲ

ಕೇಂದ್ರ ಸರ್ಕಾರ ಆಯಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸಿ ಸೆಷನ್ಸ್ ನ್ಯಾಯಾಲಯಗಳನ್ನು ಈ ಕಾಯಿದೆಗಾಗಿ ಗೊತ್ತುಪಡಿಸಬಹುದು. ಆದ್ದರಿಂದ ಮುಂಬಯಿಯೇ ಆಗಬೇಕೆಂದಿಲ್ಲ. ಮಂಗಳೂರನ್ನೂ ಗೊತ್ತುಪಡಿಸಲು ಕಾಯಿದೆಯಲ್ಲಿ ಅಡ್ಡಿಯಿಲ್ಲ. ಭಾನುವಾರ ಕೂಟಕ್ಕೆ ಬನ್ನಿ, ಕಾಯಿದೆಯ ಪ್ರತಿ ತರುತ್ತೇನೆ. ನಿಮ್ಮ ತಾಂಡೇಲನನ್ನೂ ಕರೆತನ್ನಿ.